ಮೊದಲ ಬಸ್ಸು ತಡೆದವರು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಎಪ್ಪತ್ತರ ದಶಕದ ಒಂದು ಬೆಳಗ್ಗೆ ಸಂತೇಬೆನ್ನೂರಿನಿಂದ ದಾವಣಗೆರೆಗೆ ದಿನದ ಮೊದಲ ಬಸ್ಸು ಹೊರಡುವುದರಲ್ಲಿತ್ತು.

"ನಿಮ್ ಅಣ್ಣಾರು ಬರ್ತಾರೇನ್ರಿ?" ಎಂದು ಕಂಡಕ್ಟರ್ ನನ್ನನ್ನು ಕೇಳಿದ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ, ದಿನಾ ಅದೇ ಬಸ್ಸಿಗೆ ಬರುತ್ತಿದ್ದ ನಮ್ಮೂರಿನ ಹಿರಿಯರು. ಬುತ್ತಿ ಹಿಡಿದು ಓಡಿಬರುತ್ತಿದ್ದ ಅವರು ಹಿಂದಿನ ಗಾಜಿನಲ್ಲಿ ನನಗೆ ಕಂಡಿದ್ದರು. "ಇವತ್ತು ಬರಲ್ಲ, ಬಿಡ್ರಿ" ಎಂದೆ. ಬಸ್ಸು ಹೊರಟಾಗ ನಾನು ನೋಡುತ್ತಿರುವುದನ್ನು ಅವರೂ ಕಂಡರು.

ನನಗೆ ಗುಮಾಸ್ತನ ಕೆಲಸ ಸಿಕ್ಕಿ ತಿಂಗಳಾಗಿತ್ತು. ತಡವಾಗಿ ಬಂದೆನೆಂದು ಹಿಂದಿನ ದಿನವಷ್ಟೇ ಸಾಹೇಬರು ಬೈದಿದ್ದರು. ದಿನಾ ಓಡಾಡುವುದೋ, ದಾವಣಗೆರೆಯಲ್ಲೇ ಮನೆ ಮಾಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಮಿಲ್ಲಿನ ಕೆಲಸಗಾರರಾದ ಅವರಿಗೆ ಆ ಬಸ್ಸು ತಪ್ಪಿದರೆ ಅಂದಿನ ಕೂಲಿಯೇ ಇಲ್ಲ.

ಮರುದಿನ ಮುಖ ತೋರಿಸಲಾಗದೆ ಬೇಕೆಂದೇ ತಡಮಾಡಿದೆ. ಬಸ್ಸು ನಿಂತೇ ಇತ್ತು. ಅವರು ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟುಕೊಂಡು, "ತಡೀರಿ, ನಮ್ ಹುಡುಗ ಬರ್ತಾ ಐದಾನೆ" ಎನ್ನುತ್ತಿದ್ದರು. ನನ್ನನ್ನು ಕಂಡು, "ಬೀಗರ ಬಸ್ಸು ಅಂದ್ಕಂಡಿಯೇನೋ? ಹತ್ತು ಬೇಗ!" ಎಂದು ನಕ್ಕರು.

ದಾವಣಗೆರೆಯಲ್ಲಿ ಮನೆ ಮಾಡಲಿಲ್ಲ. ನಿವೃತ್ತಿಯವರೆಗೂ ಊರಿಂದಲೇ ಓಡಾಡಿದೆ. ದಿನಾ ಓಡಾಡಬಹುದೇ ಎಂದು ಯಾರೇ ಕೇಳಲಿ, ಖಂಡಿತ ಆಗುತ್ತದೆ, ಬಸ್ಸು ತಡೆಯುವವರೊಬ್ಬರು ಬೇಕಷ್ಟೇ ಎನ್ನುತ್ತೇನೆ. ನನಗೆ ಅಂಥವರಿದ್ದರು. ತಪ್ಪಾಯಿತೆಂದು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಅವರ ಹೆಸರು ಹಾಲೇಶಪ್ಪ.