ಜೇಬಿನಲ್ಲಿ ಮಿನುಗಿದ ಸೈಕಲ್ ಲೈಟು

“ಅಪ್ಪಟ ತೇಗ ಕಣ್ರೀ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ,” ಎಂದು ಮಂಚ ತಟ್ಟುತ್ತಿದ್ದ ನಜರ್‌ಬಾದಿನ ಹಳೇ ಸಾಮಾನಿನ ವ್ಯಾಪಾರಿ ಇದ್ದಕ್ಕಿದ್ದಂತೆ ನನ್ನ ಅಂಗಿಯ ಜೇಬನ್ನೇ ದಿಟ್ಟಿಸಿದರು. ಅಲ್ಲಿ ಕೆಂಪು ದೀಪವೊಂದು ಮಿಣಮಿಣ ಅನ್ನುತ್ತಿತ್ತು.

“ರೆಕಾರ್ಡ್ ಮಾಡ್ಕೋತಾ ಇದ್ದೀರಾ ಸ್ವಾಮಿ?”

ಅದು ನನ್ನ ಸೈಕಲ್ಲಿನ ಹಿಂದಿನ ಬ್ಯಾಟರಿ ಲೈಟು. ನನಗೆ ಹಳೇ ಡೈನಮೋನೇ ಸಾಕಿತ್ತು, ಮಗಳು ಹಠ ಹಿಡಿದು ಹಾಕಿಸಿದ್ದಳು. ಯಾರಾದರೂ ಕದ್ದಾರೆಂದು ಸೈಕಲ್ ನಿಲ್ಲಿಸಿದಲ್ಲೆಲ್ಲ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಅವತ್ತು ಆರಿಸಲು ಮರೆತಿದ್ದೆ. ನಿಜ ಹೇಳಲು ಬಾಯಿ ತೆರೆದವನು, ವ್ಯಾಪಾರದ ಹೊತ್ತಲ್ಲಿ ಯಾಕೆಂದು ಸುಮ್ಮನೆ ನಕ್ಕೆ.

“ನಾಲ್ಕು ಕಾಲು ತೇಗವೇ, ಸುಳ್ಳಲ್ಲ,” ಎಂದರು ಅವರು, ನನ್ನ ಜೇಬಿಗೆ ಕೇಳಿಸುವಂತೆ. “ಮಿಕ್ಕಿದ್ದು ಪ್ಲೈವುಡ್ಡು. ಎಡಗಡೆ ಒಂಚೂರು ಗೆದ್ದಲು ಹಿಡಿದಿತ್ತು, ಪಾಲಿಶ್ ಹೊಡೆಸ್ಬುಟ್ಟಿದ್ದೀವಿ.”

ಮಗಳ ಹೊಸ ಮನೆಗೆಂದು ಇನ್ನೇನು ಒಪ್ಪಿಕೊಳ್ಳಲಿದ್ದ ಮಂಚವದು! ಕೈಮುಗಿದು ಹೊರಬಂದೆ.

ಸೈಕಲ್ಲಿಗೆ ಡೈನಮೋನೋ ಬ್ಯಾಟರಿ ಲೈಟೋ ಎಂದು ಕೇಳಿದವರಿಗೆಲ್ಲ, ಸೆಲ್ಲಿನ ಖರ್ಚಿಲ್ಲವೆಂದು ಡೈನಮೋ ಹೇಳುತ್ತಿದ್ದವನು ನಾನು. ಈಗ ಕಣ್ಣುಮುಚ್ಚಿ ಬ್ಯಾಟರಿ ಅನ್ನುತ್ತೇನೆ. ಡೈನಮೋ ಜೇಬಲ್ಲಿಟ್ಟುಕೊಂಡು ಹೋದರೆ ಯಾವ ವ್ಯಾಪಾರಿಯ ಬಾಯಲ್ಲೂ ನಿಜ ಹೊರಡುವುದಿಲ್ಲ.