ಟೇಲೆಂಡಿನ ರಾಜಧಾನಿ

ಕಳೆದ ಯುಗಾದಿಯ ಮಧ್ಯಾಹ್ನ ಮಾನ್ವಿಯಲ್ಲಿ, ನಮ್ಮ ಪಕ್ಕದ ಮನೆಯ ಅಕ್ಕಿ ಗಿರಣಿ ಮಾಲೀಕರು ತಮ್ಮ ರಾಜಧಾನಿಯನ್ನು ಮಗಳಿಗೆ ಒಪ್ಪಿಸಿದರು. ರಾಜಧಾನಿ ಇದ್ದದ್ದು ಕಂಪ್ಯೂಟರಿನಲ್ಲಿ. ಸರದಿಯಂತೆ ನಡೆ ಇಟ್ಟು ಊರು ಕಟ್ಟುವ ಆಟ. ಸೋತವರು ಮನೆಮಂದಿಗೆಲ್ಲ ಮಿರ್ಚಿ ಭಜಿ ಕರಿಯಬೇಕು.

ಮಾಲೀಕರ ಹೊಲ ಕುರ್ಡಿಯಲ್ಲಿ, ಕಾಲುವೆಯ ಕೊನೆಗಿದೆ. “ಟೇಲೆಂಡಿಗೆ ನೀರು ಬರಂಗಿಲ್ಲ” ಎಂದು ಕನ್ನಡಕ ಹಣೆಗೇರಿಸಿ, ಆಟದ ಜನರನ್ನೂ ಅವರು ನದಿಯ ಮೂಲದವರೆಗೆ ನಡೆಸುತ್ತಿದ್ದರು. ಅಷ್ಟರಲ್ಲಿ ಮಗಳು ಕೆಳಗೆ ಊರು ಕಟ್ಟಿ ಗೆಲ್ಲುತ್ತಿದ್ದಳು.

ಆ ದಿನ ಮಾತ್ರ ಮಗಳ ಮಾತು ಕೇಳಿ, ನದಿ ಕಡಲು ಸೇರುವಲ್ಲೇ ರಾಜಧಾನಿ ಕಟ್ಟಿದರು. ಬಜಾರು, ಬಂದರು ಎಲ್ಲ ಚೆನ್ನಾಗಿಯೇ ಎದ್ದವು. ಆಮೇಲೆ ಮಗಳು ನದಿಯ ಮೇಲ್ಭಾಗದಲ್ಲೊಂದು ಊರು ಕಟ್ಟಿದಳು. ಮಾಲೀಕರು ಇಡೀ ಸೈನ್ಯವನ್ನು ಅಲ್ಲಿಗೆ ಅಟ್ಟಿದರು.

“ಯಪ್ಪಾ, ದಂಡು ಎಲ್ಲಿಗಿ ಹೊಂಟದ?”

“ಗೇಟ್ ಕಾಯಾಕ. ನೀ ನೀರು ಬಂದ್ ಮಾಡ್ತಿ.”

“ಈ ಆಟದಾಗ ಗೇಟೇ ಇಲ್ಲ!”

“ಇವತ್ತಿಲ್ಲವ್ವಾ. ನಾಳಿ ಕೂಡಸ್ತಿ.”

ಕಾವಲಿಲ್ಲದ ರಾಜಧಾನಿಗೆ ಮಗಳ ಹಡಗುಗಳು ನುಗ್ಗಿದವು. ಅಡುಗೆಮನೆಯಿಂದ ಹೆಂಡತಿ ಕೂಗಿದರು: “ಬರ್ರೀ ಮಹಾರಾಜರ, ಎಣ್ಣಿ ಕಾದದ.”

ಹೋದ ಭಾನುವಾರವೂ ಮಾಲೀಕರು ಕರಿದ ಮಿರ್ಚಿ ನಮ್ಮ ಮನೆಗೆ ಬಂತು.