ಚಿಕ್ಕಪ್ಪನ ವಿಮಾನಕ್ಕೆ ಚಿಕ್ಕಮ್ಮನ ಕೈ

ಚಿಕ್ಕಪ್ಪ ನಿವೃತ್ತನಾದ ದಿನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಒಂದು ಭಾರೀ ರಟ್ಟಿನ ಪೆಟ್ಟಿಗೆಯನ್ನು ಕೂರಿಸಿ, ತಾನು ಡ್ರೈವರನ ಪಕ್ಕ ಮುದುರಿ ಕೂತು ಮನೆಗೆ ಬಂದ. ಪೆಟ್ಟಿಗೆಯ ಮೇಲೆ ಎರಡು ಪ್ರೊಪೆಲ್ಲರಿನ ಹಳೆಯ ಪ್ರಯಾಣಿಕ ವಿಮಾನದ ಚಿತ್ರ. ಒಳಗೆ ಅದೇ ವಿಮಾನದ ಪ್ಲಾಸ್ಟಿಕ್ ಮಾದರಿ, ಬಿಡಿಬಿಡಿಯಾಗಿ. ಜೋಡಿಸಿದರೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಊಟದ ಮೇಜಿನಷ್ಟು ಅಗಲ. ಜೊತೆಗೆ ಕೆಲಸ ಮಾಡಿದವರೆಲ್ಲ ಸೇರಿ ಕೊಟ್ಟ ಉಡುಗೊರೆ.

"ಗಡಿಯಾರ ಕೊಟ್ಟಿದ್ರೆ ಗೋಡೆ ಮೇಲಾದ್ರೂ ಇರ್ತಿತ್ತು. ಇದನ್ನೆಲ್ಲಿ ಇಡೋದು, ನನ್ನ ತಲೆ ಮೇಲಾ?" ಎಂದಳು ಚಿಕ್ಕಮ್ಮ.

"ಸದ್ಯಕ್ಕೆ ಮೇಜಿನ ಮೇಲೆ," ಎಂದ ಚಿಕ್ಕಪ್ಪ.

ಆ 'ಸದ್ಯಕ್ಕೆ' ಎಷ್ಟು ಕಾಲ ನಡೆಯಿತೆಂದರೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುವುದು ನನಗೂ ರೂಢಿಯಾಯಿತು. ನಾನು ಆಗ ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಅಂಚೆ ಕಚೇರಿಯ ಕೆಲಸ ಮುಗಿಸಿ ಸಂಜೆ ಮನೆಗೆ ಬಂದರೆ ಕಾಫಿ, ಊಟ, ಹರಟೆ ಎಲ್ಲ ಅವರ ಜೊತೆಯಲ್ಲೇ.

ಚಿಕ್ಕಪ್ಪನದು ವಿಮಾನ ನಿಲ್ದಾಣದಲ್ಲಿ ನೆಲದ ಮೇಲಿನ ಕೆಲಸ. ವಿಮಾನ ಬಂದು ನಿಂತ ಕೂಡಲೇ ಓಡಿಹೋಗಿ ಚಕ್ರ ಉರುಳದಂತೆ ಹಿಂದೆ ಮುಂದೆ ಮರದ ಅಡ್ಡೆ ಕೊಡುವುದು, ಏಣಿ ತಳ್ಳಿ ತರುವುದು, ಸಾಮಾನು ಇಳಿಸುವುದು. ಜೀವಮಾನವೆಲ್ಲ ವಿಮಾನದ ಹೊಟ್ಟೆಯ ಕೆಳಗೆ ಕಳೆದವನು ಒಮ್ಮೆಯೂ ಅದರಲ್ಲಿ ಕೂತು ಹಾರಿದವನಲ್ಲ. ಅದರ ಬಗ್ಗೆ ಕೊರಗೂ ಇರಲಿಲ್ಲ. "ಹಾರೋರು ಹಾರ್ಲಿ, ಕೆಳಗೆ ನಿಂತು ಕಾಯೋರೂ ಬೇಕಲ್ಲ," ಎನ್ನುತ್ತಿದ್ದ.

ಚಿಕ್ಕಮ್ಮ ಅದೇ ನಿಲ್ದಾಣದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ವಿಮಾನದ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದಳು. ಯಾರದೋ ಛತ್ರಿಯ ಮೊನೆ ತಾಗಿ ಹರಿದ ಕವರೊಂದನ್ನು ಚಿಕ್ಕಪ್ಪ ಶೆಡ್ಡಿಗೆ ತಂದದ್ದೇ ಅವರ ಮೊದಲ ಭೇಟಿ. ಆಮೇಲೆ ಆ ವಿಮಾನದ ಕವರುಗಳು ವಾರವಾರವೂ ಹರಿಯತೊಡಗಿದವಂತೆ. "ಬ್ಲೇಡಲ್ಲಿ ಕೊಯ್ದಿದ್ದು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಹೊಲಿಗೆ ಬಿಚ್ಚಿದ್ರೆ ಸಾಕಿತ್ತು. ಬಟ್ಟೆ ಯಾಕೆ ಹಾಳು ಮಾಡಬೇಕಿತ್ತು?" ಎಂದು ಚಿಕ್ಕಮ್ಮ ಆಗಾಗ ತಕರಾರು ತೆಗೆಯುತ್ತಿದ್ದಳು. ಚಿಕ್ಕಪ್ಪ ಕಿವಿ ಕೇಳಿಸದವನಂತೆ ಇರುತ್ತಿದ್ದ.

ಆ ದಿನಗಳ ವಿಮಾನವೇ ಈ ಪೆಟ್ಟಿಗೆಯಲ್ಲಿದ್ದದ್ದು. ಚಿಕ್ಕಪ್ಪ ಮೈಮರೆತು ಕೆಲಸಕ್ಕೆ ಕೂತ. ಬಿಡಿಭಾಗಗಳು ಗಿಡದಲ್ಲಿ ಕಾಯಿ ಬಿಟ್ಟ ಹಾಗೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡಿದ್ದವು. ಒಂದೊಂದನ್ನೇ ಕಟರಿನಿಂದ ಬಿಡಿಸಿ, ಉಪ್ಪುಕಾಗದದಲ್ಲಿ ಅಂಚು ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿ ಅಂಟಿಸುತ್ತಿದ್ದ. ಎರಡೂ ಎಂಜಿನ್ ಮುಗಿದವು, ಚಕ್ರಗಳ ಕಾಲು ಮುಗಿಯಿತು. ಮನೆಯಿಡೀ ಬಣ್ಣದ ವಾಸನೆ.

ಅಷ್ಟರಲ್ಲಿ ಅವನ ಕೈ ನಡುಗತೊಡಗಿತು. ಮೊದಲು ಕಾಫಿಯ ಲೋಟ ಬಸಿಯಲ್ಲಿ ಕಟಕಟ ಅಂದಿತು. ಆಮೇಲೆ ಚಿಮುಟದಲ್ಲಿ ಹಿಡಿದ ಚೂರುಗಳು ನೆಲಕ್ಕೆ ಬಿದ್ದು, ನಾವು ಮೂವರೂ ಮಂಡಿಯೂರಿ ಟಾರ್ಚ್ ಹಿಡಿದು ಹುಡುಕುವುದು ಶುರುವಾಯಿತು. ಮಾತ್ರೆಯಿಂದ ನಡುಕ ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಚಿಕ್ಕಪ್ಪ ತಲೆಯಾಡಿಸಿ ಮನೆಗೆ ಬಂದವನು, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲೆ ತಳ್ಳಿದ.

ಮೇಜು ಖಾಲಿಯಾಯಿತು. ಚಿಕ್ಕಮ್ಮ ಅದರ ಮೇಲೆ ಒಗೆದ ಬಟ್ಟೆ ಹಾಸಿದಳು. ಅಂದು ಮೂವರೂ ಮೇಜಿನ ಮುಂದೆ ಕೂತು ಊಟ ಮಾಡಿದೆವು.

ಒಂದು ಭಾನುವಾರ ಮಧ್ಯಾಹ್ನ ನಾನು ಕೆಳಗೆ ಬಂದಾಗ ಚಿಕ್ಕಮ್ಮ ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸುತ್ತಿದ್ದಳು.

"ಅದನ್ಯಾಕೆ ಇಳಿಸ್ತಿದೀಯ?" ಚಿಕ್ಕಪ್ಪ ಪತ್ರಿಕೆಯಿಂದ ತಲೆ ಎತ್ತದೆ ಕೇಳಿದ.

"ಧೂಳು ಹೊಡೆಯೋಕೆ."

ಧೂಳು ಹೊಡೆದಳು. ಮುಚ್ಚಳ ತೆಗೆದಳು. ಒಂದು ಚೂರನ್ನು ಎತ್ತಿ ಹಿಡಿದಳು. "ಇದೆಲ್ಲಿಗೆ ಬರುತ್ತೆ?"

"ಬಾಲದ ಚಕ್ರಕ್ಕೆ."

"ತೋರಿಸಿ ಮತ್ತೆ. ಬಾಯಿ ನಿಮ್ದು, ಕೈ ನಂದು."

ಚಿಕ್ಕಪ್ಪ ಪತ್ರಿಕೆ ಮಡಿಸಿಟ್ಟ. ಆಮೇಲೆ ಎದ್ದು, ತನ್ನ ಕುರ್ಚಿಯನ್ನು ಎಳೆದು ತಂದು ಅವಳ ಪಕ್ಕ ಹಾಕಿಕೊಂಡ.

ಅಂದಿನಿಂದ ಆ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ. "ಇದು ಬಟ್ಟೆ ಅಲ್ಲ ಕಣೇ, ಎಳೆದ್ರೆ ಉದ್ದ ಬರಲ್ಲ," ಎಂದು ಅವನು. "ಬೆನ್ನ ಹಿಂದೆ ಉಸಿರು ಬಿಡಬೇಡಿ, ಕೈ ತಪ್ಪುತ್ತೆ," ಎಂದು ಅವಳು. ಸೀಟುಗಳ ಬಣ್ಣಕ್ಕಂತೂ ದೊಡ್ಡ ರಾದ್ಧಾಂತವೇ ಆಯಿತು. ಇಟ್ಟಿಗೆ ಬಣ್ಣ, ತಾನೇ ಹೊಲಿದದ್ದು ಎಂದಳು ಚಿಕ್ಕಮ್ಮ. ಹಸಿರು, ಶೆಡ್ಡಿಗೆ ಹೊತ್ತು ತಂದದ್ದು ತಾನಲ್ಲವೇ ಎಂದ ಚಿಕ್ಕಪ್ಪ.

"ಪುಟ್ಟಿ, ನೀನೇ ಹೇಳು."

"ನಾನಾಗ ಹುಟ್ಟೇ ಇರ್ಲಿಲ್ಲ ಚಿಕ್ಕಮ್ಮ."

ಕೊನೆಗೆ ಎಡಸಾಲಿಗೆ ಇಟ್ಟಿಗೆ ಬಣ್ಣ, ಬಲಸಾಲಿಗೆ ಹಸಿರು ಎಂದು ರಾಜಿಯಾಯಿತು. ಅಂಥ ವಿಮಾನ ಯಾವ ಆಕಾಶದಲ್ಲೂ ಹಾರಿರಲಾರದು.

ನಿಜವಾದ ಮುನಿಸು ಬಂದದ್ದು ಕಿಟಕಿಗಳಿಂದ. ಬೇಗ ಮುಗಿಯಲೆಂದು ಚಿಕ್ಕಮ್ಮ ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿದಳು. ಬೆಳಗಾಗುವಷ್ಟರಲ್ಲಿ ಅದರ ಹಬೆಗೆ ಗಾಜಿನಂಥ ಕಿಟಕಿಗಳೆಲ್ಲ ಬೆಳ್ಳಗೆ ಮಂಜಾಗಿದ್ದವು. "ಆತುರಗೇಡಿ, ಹೇಳಿದ್ದು ಕಿವಿಗೆ ಬೀಳೋದೇ ಇಲ್ವಾ?" ಎಂದು ಚಿಕ್ಕಪ್ಪ ಗದರಿದ. ಚಿಕ್ಕಮ್ಮ ಕೈ ತೊಳೆದು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಆಮೇಲೆ ಮಾತೆಲ್ಲ ನನ್ನ ಮೂಲಕ. ಅವನು ಎದುರಿಗೇ ಕೂತಿದ್ದರೂ, "ಮಾತ್ರೆ ತಗೊಳ್ಳೋ ಹೊತ್ತಾಯ್ತು ಅಂತ ನಿಮ್ಮ ಚಿಕ್ಕಪ್ಪಂಗೆ ಹೇಳು ಪುಟ್ಟಿ."

ಆ ಮುನಿಸು ಮುರಿದದ್ದು ಒಂದು ಬೆಳಗ್ಗೆ. ಚಿಕ್ಕಪ್ಪ ಹೊಸ ಶರ್ಟಿನ ಖಾಲಿ ಡಬ್ಬಿಯೊಂದನ್ನು ತಂದು ಯಂತ್ರದ ಪಕ್ಕ ಇಟ್ಟ. ಅದರ ಮುಚ್ಚಳ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕಿನದು.

"ಇದ್ರಲ್ಲಿ ಕಿಟಕಿ ಕತ್ತರಿಸಬಹುದಾ ಅಂತ," ಎಂದ.

ಚಿಕ್ಕಮ್ಮ ಮುಚ್ಚಳವನ್ನು ಬೆಳಕಿಗೆ ಹಿಡಿದಳು. "ಶರ್ಟು ಎಲ್ಲಿ?"

"ಹಾಕ್ಕೊಂಡಿದೀನಲ್ಲ."

ಮಡಿಕೆಯ ಗೆರೆಗಳು ಇನ್ನೂ ಮಾಸದ ಶರ್ಟಿನಲ್ಲಿ ಅವನು ಫೋಟೋಗೆ ನಿಂತವನಂತೆ ನಿಂತಿದ್ದ. ಯಾರದೋ ಮದುವೆಗೆಂದು ಎತ್ತಿಟ್ಟಿದ್ದ ಶರ್ಟು ಅದು. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಕಂದು ಕಾಗದದಲ್ಲಿ ಕಿಟಕಿಯ ಅಳತೆ ತೆಗೆದು, ರವಿಕೆಯ ಬಟ್ಟೆಗೆ ಕತ್ತರಿ ಹಾಕುವ ಹಾಗೆಯೇ ಒಂದೊಂದು ಕಿಟಕಿಯನ್ನೂ ಕತ್ತರಿಸಿ ಕೂರಿಸಿದಳು.

ವಿಮಾನದ ಮೈಯ ಎರಡು ಹೋಳುಗಳನ್ನು ಸೇರಿಸಿ ಮುಚ್ಚುವ ದಿನ ಇಬ್ಬರೂ ಬಗ್ಗಿ ಒಳಗೆ ನೋಡುತ್ತ ಬಹಳ ಹೊತ್ತು ಕೂತರು. ಇನ್ನು ಆ ಸೀಟುಗಳು ಯಾರಿಗೂ ಸರಿಯಾಗಿ ಕಾಣುವಂತಿರಲಿಲ್ಲ. ಚಿಕ್ಕಪ್ಪ, ಆ ವಿಮಾನ ಕೊನೆಯ ಸಲ ಹೊರಟ ದಿನದ ಮಾತು ತೆಗೆದ.

"ಅಡ್ಡೆ ತೆಗೆದೆ. ತಿರುಗಿತು, ಹೋಯ್ತು. ಇನ್ನು ಇದಕ್ಕೆ ಅಡ್ಡೆ ಕೊಡೋ ಕೆಲಸ ಇಲ್ಲ ಅಂತ ಆಗ್ಲೇ ಹೊಳೆದಿದ್ದು."

"ನಾವೆಲ್ಲ ಶೆಡ್ಡಿಂದ ಓಡಿಬಂದಿದ್ವಿ. ನನ್ನ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ನೀವು ಅಳ್ತಾ ನಿಂತಿದ್ರಿ."

"ಧೂಳು ಬಿದ್ದಿತ್ತು."

"ಹೂಂ, ಧೂಳು."

ಅವಳು ಅಂಟು ಹಚ್ಚಿದಳು. ಅವನು ಎರಡೂ ಅಂಗೈಗಳಿಂದ ವಿಮಾನದ ಮೈಯನ್ನು ಒತ್ತಿ ಹಿಡಿದ. ಒತ್ತಿ ಹಿಡಿದಾಗ ಅವನ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. ನಾನು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಉದ್ದಕ್ಕೂ ಸಿಕ್ಕಿಸಿದೆ.

ಬಣ್ಣ ಒಣಗಿದ ಮೇಲೆ ಉಳಿದದ್ದು ಚಕ್ರಗಳ ಅಡ್ಡೆ. "ಅದು ನನ್ನ ಕೆಲಸ," ಎಂದ ಚಿಕ್ಕಪ್ಪ. ಮರದ ಚೂರೊಂದನ್ನು ದಿನವೂ ಒಂದಿಷ್ಟು ಕೆತ್ತಿದ, ಬೆರಳು ಕೊಯ್ದುಕೊಂಡ, ಪಟ್ಟಿ ಸುತ್ತಿಕೊಂಡು ಮತ್ತೆ ಕೆತ್ತಿದ. ಒಂದು ದಪ್ಪ, ಒಂದು ತೆಳು, ಒಂದು ವಾರೆ. ತಪ್ಪು ಹುಡುಕುವುದರಲ್ಲಿ ಎತ್ತಿದ ಕೈಯಾದ ಚಿಕ್ಕಮ್ಮ ಆ ಅಡ್ಡೆಗಳ ಬಗ್ಗೆ ತುಟಿ ಬಿಚ್ಚಲಿಲ್ಲ.

ವಿಮಾನ ಮುಂದಿನ ಕೋಣೆಯ ಅಗಲವಾದ ಹಲಗೆಯ ಮೇಲೆ ನಿಂತಿತು. ಹಳೆಯ ಸಹೋದ್ಯೋಗಿಗಳು ಬಂದು ನೋಡಿದರು, ಮುಟ್ಟಿದರು, ಮುಟ್ಟಬೇಡಿ ಎಂದು ಬೈಸಿಕೊಂಡರು. ಯಾರಾದರೂ ಹೊಗಳಿದರೆ ಚಿಕ್ಕಪ್ಪ, "ಎಲ್ಲ ಇವಳೇ ಮಾಡಿದ್ದು, ನಾನು ಬರೀ ಬೈದೆ," ಎನ್ನುತ್ತಿದ್ದ. ಹಾಗೆ ಕೆಲವು ಒಳ್ಳೆಯ ವರ್ಷಗಳು ಕಳೆದವು. ನನಗೆ ಬೇರೆ ಊರಿಗೆ ವರ್ಗವಾಯಿತು. ಒಂದು ಚಳಿಗಾಲದಲ್ಲಿ ಜ್ವರ ಎದೆಗಿಳಿದು ಚಿಕ್ಕಪ್ಪ ತೀರಿಕೊಂಡ.

ಚಿಕ್ಕಮ್ಮ ಅಳುವುದನ್ನು ನಾನು ಹೆಚ್ಚು ನೋಡಲಿಲ್ಲ. ಫೋನ್ ಮಾಡಿದರೆ, "ಮನೇಲಿ ಸದ್ದೇ ಇಲ್ಲ ಪುಟ್ಟಿ," ಎನ್ನುತ್ತಿದ್ದಳು, ಅಷ್ಟೇ. ಮುಂದಿನ ಬೇಸಿಗೆಯಲ್ಲಿ ರಜೆ ಹಾಕಿ ಹೋದೆ. ಮೇಜಿನ ಮೇಲೆ ಹೊಸ ಪೆಟ್ಟಿಗೆ ತೆರೆದುಕೊಂಡಿತ್ತು. ಈ ಸಲ ನಾಲ್ಕು ಎಂಜಿನ್ನಿನ ವಿಮಾನ. ಸ್ವತಃ ಅಂಗಡಿಗೆ ಹೋಗಿ ಆರಿಸಿ ತಂದಿದ್ದಳು.

"ಇದರ ಸೀಟೂ ನೀನೇ ಹೊಲಿದಿದ್ದಾ?"

"ಇಲ್ಲ, ಇದನ್ನ ನಾನು ಕಣ್ಣಲ್ಲೂ ನೋಡಿಲ್ಲ. ಹೇಗಿರುತ್ತೋ ನೋಡೋಣ ಅಂತ." ಕನ್ನಡಕ ಸರಿಮಾಡಿಕೊಂಡು ರೆಕ್ಕೆಯನ್ನು ಅದರ ಜಾಗಕ್ಕೆ ತೂರಿಸಿದಳು. "ಬಂದಿದ್ದು ಒಳ್ಳೇದಾಯ್ತು. ಇಲ್ಲಿ ಹಿಡ್ಕೋ. ಕಾಫಿ ಬಿಸಿ ಮಾಡಿ ತರ್ತೀನಿ. ಅಲ್ಲಾಡಿಸ್ಬೇಡ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ನಾನು ಚಪ್ಪಲಿಯನ್ನೂ ಬಿಡದೆ, ರೆಕ್ಕೆ ಹಿಡಿದುಕೊಂಡು ನಿಂತೆ.